ಬಸ್ಸಾದ್ರೆ ‘ಗೆಟ್ ಆಫ್’, ಕಾರಾದ್ರೆ ‘ಗೆಟ್ ಔಟ್’, ಮರ ಆದ್ರೆ ‘ಗೆಟ್ ಡೌನ್’: ಇಳಿಯೋದನ್ನ ಇಂಗ್ಲಿಷಲ್ಲಿ ಹೇಳೋದು ಹೇಗೆ?

ಕನ್ನಡದಲ್ಲಿ ಇಳಿಯೋಕೆ ಒಂದೇ ಮಾತು ಸಾಕು. ಬಸ್ಸಿಂದ ಇಳೀತೀವಿ, ಆಟೋದಿಂದ ಇಳೀತೀವಿ, ಮಾವಿನ ಮರದಿಂದ ಇಳೀತೀವಿ, ಮೆಟ್ಲು ಇಳೀತೀವಿ, ಜ್ವರಾನೂ ಇಳಿಯತ್ತೆ, ಚಿನ್ನದ ರೇಟೂ ಇಳಿಯತ್ತೆ. ಇಷ್ಟು ಆರಾಮಾಗಿ ಒಂದೇ ಪದ ಬಳಸಿ ಅಭ್ಯಾಸ ಆಗಿರೋದ್ರಿಂದ ಇಂಗ್ಲಿಷ್ ಮಾತಾಡುವಾಗ್ಲೂ ಒಂದೇ ಪದ ಹುಡುಕ್ತೀವಿ, ಕೈಗೆ ಸಿಗೋದು ‘ಗೆಟ್ ಡೌನ್’. ‘ಐ ವಿಲ್ ಗೆಟ್ ಡೌನ್ ಅಟ್ ಮೆಜೆಸ್ಟಿಕ್’, ‘ಪ್ಲೀಸ್ ಗೆಟ್ ಡೌನ್ ಫ್ರಮ್ ದ ಕಾರ್’, ಹೀಗೆ.

ಬೆಂಗಳೂರಲ್ಲಿ, ಮೈಸೂರಲ್ಲಿ, ಚೆನ್ನೈಯಲ್ಲಿ ಇದು ಎಲ್ರಿಗೂ ಅರ್ಥ ಆಗತ್ತೆ, ಯಾರೂ ತಪ್ಪು ತಿಳ್ಕೊಳ್ಳಲ್ಲ. ತಮಿಳಿನ ಇರಂಗು, ತೆಲುಗಿನ ದಿಗು, ಹಿಂದಿಯ ಉತರ್ನಾ ಎಲ್ಲಾನೂ ನಮ್ಮ ಇಳಿ ಥರಾನೇ ಇರೋದ್ರಿಂದ ಇಡೀ ದೇಶದಲ್ಲಿ ಗೆಟ್ ಡೌನ್ ಸಲೀಸಾಗಿ ಓಡತ್ತೆ. ಆದ್ರೆ ನ್ಯೂಜೆರ್ಸಿಯಲ್ಲಿರೋ ಮಗಳ ಮನೆಗೆ ಹೊರಟಿರೋ ಅಪ್ಪ ಅಮ್ಮಂಗೆ, ಹೊರದೇಶಕ್ಕೆ ಹೋಗೋಕೆ ಕೊಡೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಸ್ಪೀಕಿಂಗ್ ಟೆಸ್ಟ್‌ಗೆ ಕೂತ್ಕೊಳ್ಳೋ ಹುಡುಗರಿಗೆ, ಲಂಡನ್ ಕ್ಲೈಂಟ್ ಜೊತೆ ದಿನಾ ಮಾತಾಡೋರಿಗೆ ‘ಗೆಟ್ ಆಫ್’ ಸರಿಯಾಗಿ ಗೊತ್ತಿರೋದು ತುಂಬಾ ಉಪಯೋಗ. ಯಾಕಂದ್ರೆ ಅದು ಬರೀ ಬಸ್ಸಿಗೆ ಸೇರಿದ್ದಲ್ಲ, ಆಫೀಸ್ ಮುಗಿಸೋದು, ಫೋನ್ ಇಡೋದು, ಶಿಕ್ಷೆಯಿಂದ ಪಾರಾಗೋದು, ಎಲ್ಲಾ ಕಡೆ ಇದೇ ಬರತ್ತೆ. ಸ್ಕೂಲಲ್ಲಿ ಹೀಗೆ ಕ್ರಿಯಾಪದಕ್ಕೆ ಆಫ್, ಔಟ್ ಥರದ ಸಣ್ಣ ಪದ ಸೇರಿ ಆಗೋ ಮಾತುಗಳನ್ನ ಫ್ರೇಸಲ್ ವರ್ಬ್ ಅಂತ ಒಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸ್ತಾರಲ್ಲ, ಆ ದಾರಿ ನನಗೆ ಯಾವತ್ತೂ ಸರಿ ಅನ್ಸಿಲ್ಲ. ಒಂದು ಒಳಗಿನ ಅರ್ಥ ಹಿಡ್ಕೊಂಡ್ರೆ ಪಟ್ಟಿ ಬೇಕಾಗೋದೇ ಇಲ್ಲ.

ಮೊದಲ್ನೇ ಹೆಜ್ಜೆ: ಕಾಲು ಎತ್ತ ಹೋಗತ್ತೆ ಅಂತ ನೋಡ್ಬೇಡಿ

ನಾವು ಇಳಿ ಅನ್ನುವಾಗ ದಿಕ್ಕು ನೋಡ್ತೀವಿ, ಮೇಲಿಂದ ಕೆಳಕ್ಕೆ. ಬಸ್ಸಿನ ಫುಟ್‌ಬೋರ್ಡ್ ಎತ್ತರದಲ್ಲಿರತ್ತೆ, ರಸ್ತೆ ಕೆಳಗಿರತ್ತೆ, ಅದಕ್ಕೇ ಇಳಿಯೋದು. ಇಂಗ್ಲಿಷ್ ಇಲ್ಲಿ ದಿಕ್ಕನ್ನ ತಲೆಗೆ ಹಾಕ್ಕೊಳ್ಳೋದೇ ಇಲ್ಲ. ‘ಆನ್’ ಅಂದ್ರೆ ತಾಗಿಕೊಂಡಿದೆ, ಅಂಟಿಕೊಂಡಿದೆ. ‘ಆಫ್’ ಅಂದ್ರೆ ಆ ತಾಗಿದ್ದು ಬಿಟ್ಟುಹೋಯ್ತು. ಅಷ್ಟೇ. ಮೆಟ್ರೋ ರೈಲಿನ ನೆಲಾನೂ ಪ್ಲಾಟ್‌ಫಾರ್ಮೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರತ್ತೆ, ಕೆಳಗೆ ಇಳಿಯೋ ಪ್ರಶ್ನೆಯೇ ಇಲ್ಲ, ಆದ್ರೂ ಗೆಟ್ ಆಫ್ ದ ಟ್ರೈನ್ ಅಂತಾರೆ, ಯಾಕಂದ್ರೆ ನೀವು ರೈಲಿನ ಸಂಪರ್ಕ ಬಿಟ್ರಿ. ಗೆಟ್ ಅನ್ನೋದು ಇಲ್ಲಿ ‘ಒಂದು ಸ್ಥಿತಿಗೆ ಬರೋದು’ ಅನ್ನೋ ಅರ್ಥ ಕೊಡತ್ತೆ. ಗೆಟ್ ಆಫ್ ಅಂದ್ರೆ ಅಂಟಿಕೊಂಡಿದ್ದ ಸ್ಥಿತಿಯಿಂದ ಬಿಟ್ಟ ಸ್ಥಿತಿಗೆ ಬರೋದು. ಈ ಒಂದು ವಾಕ್ಯ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದಿನದೆಲ್ಲಾ ಇದ್ರಿಂದಾನೇ ಹುಟ್ಟೋದು.

ಎರಡ್ನೇ ಹೆಜ್ಜೆ: ಯಾವ ಗಾಡಿ ಅಂತ ನೋಡಿ

ಗಾಡಿ ಒಳಗೆ ಎದ್ದು ನಿಂತ್ಕೊಂಡು ನಾಲ್ಕು ಹೆಜ್ಜೆ ನಡೆಯೋಕಾಗತ್ತಾ? ಆಗತ್ತೆ ಅಂದ್ರೆ ಹತ್ತೋಕೆ ಗೆಟ್ ಆನ್, ಇಳಿಯೋಕೆ ಗೆಟ್ ಆಫ್. ಬಸ್ಸು, ರೈಲು, ಮೆಟ್ರೋ, ವಿಮಾನ, ಹಡಗು ಎಲ್ಲಾ ಇದಕ್ಕೆ ಸೇರತ್ತೆ. ಬಗ್ಗಿ ನುಗ್ಗಿ ಸೀಟಲ್ಲಿ ಕೂತ್ಕೊಂಡು, ಇಳಿಯೋವರೆಗೂ ಅಲ್ಲೇ ಕೂತಿರ್ಬೇಕು ಅಂದ್ರೆ ಅದು ಡಬ್ಬಿ ಥರದ ಜಾಗ, ಅದಕ್ಕೆ ಗೆಟ್ ಇನ್, ಗೆಟ್ ಔಟ್. ಕಾರು, ಆಟೋ, ಟ್ಯಾಕ್ಸಿ, ಓಮ್ನಿ, ಸುಮೋ, ಲಾರಿಯ ಕ್ಯಾಬಿನ್, ಸಣ್ಣ ದೋಣಿ, ಇಬ್ಬರೇ ಕೂರೋ ಪುಟ್ಟ ವಿಮಾನ ಇವೆಲ್ಲಾ ಈ ಕಡೆ.

ಕಾಲು ಆಚೆ ಈಚೆ ಹಾಕಿ ಮೇಲೆ ಕೂರೋ ಸವಾರಿ ಇದೆಯಲ್ಲ, ಸೈಕಲ್ಲು, ಬೈಕು, ಕುದುರೆ, ಅದಕ್ಕೂ ಆನ್ ಮತ್ತು ಆಫ್. ಅಲ್ಲಿ ಒಳಗೆ ಅನ್ನೋದೇ ಇಲ್ಲ, ಮೇಲೆ ತಾಗಿ ಕೂತಿರೋದು ಮಾತ್ರ. ಸ್ಕೂಟಿ ಹಿಂದೆ ಕೂತಿರೋರಿಗೆ ‘ಗೆಟ್ ಆಫ್, ಐ ವಿಲ್ ಪಾರ್ಕ್ ಇಟ್’ ಅಂದ್ರೆ ಸರಿ. ಎಸ್ಕಲೇಟರಿಗೂ ಆನ್ ಆಫ್. ಲಿಫ್ಟಿಗೆ ಎರಡೂ ನಡೆಯತ್ತೆ, ‘ವಿಚ್ ಫ್ಲೋರ್ ಆರ್ ಯು ಗೆಟಿಂಗ್ ಆಫ್ ಅಟ್?’ ಅಂತ ಕೇಳೋದು ಸಾಮಾನ್ಯ, ಗೆಟ್ ಔಟ್ ಅವ್ ದ ಲಿಫ್ಟ್ ಅಂದ್ರೂ ತಪ್ಪಿಲ್ಲ. ಟೆಂಪೋ ಟ್ರಾವೆಲರ್ ಮಧ್ಯದಲ್ಲಿ ನಡೆಯೋಕೆ ದಾರಿ ಇರತ್ತೆ, ಹಾಗಾಗಿ ಆಫ್ ಅನ್ನಿ. ಹೆಲಿಕಾಪ್ಟರಿಗೆ ಎರಡನ್ನೂ ಹೇಳ್ತಾರೆ, ಅದರ ಬಗ್ಗೆ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ.

ಒಂದು ಮಾತು, ಈ ನಿಯಮ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಬಸ್ಸಿಗೆ ಬೆಂಕಿ ಬಿತ್ತು ಅಂದ್ಕೊಳ್ಳಿ, ಆಗ ‘ಗೆಟ್ ಎವ್ರಿಒನ್ ಔಟ್ ಅವ್ ದ ಬಸ್!’ ಅಂತಾನೇ ಕೂಗ್ತಾರೆ, ಯಾಕಂದ್ರೆ ಆ ಹೊತ್ತಲ್ಲಿ ಬಸ್ಸು ಪ್ರಯಾಣದ ಗಾಡಿ ಅಲ್ಲ, ಜನ ಸಿಕ್ಕಿಹಾಕ್ಕೊಂಡಿರೋ ಜಾಗ. ಹೇಳೋರ ಕಣ್ಣಿಗೆ ಏನು ಕಾಣ್ತಿದೆ ಅನ್ನೋದರ ಮೇಲೆ ಪದ ಬದಲಾಗತ್ತೆ.

ಇನ್ನು ‘ಗೆಟ್ ಔಟ್’ ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನ ಹಿಂಜರೀತಾರೆ. ಕನ್ನಡದಲ್ಲಿ ‘ಗೆಟೌಟ್’ ಅನ್ನೋದು ಬೈಗುಳ ಆಗಿ ಸೇರ್ಕೊಂಡ್ಬಿಟ್ಟಿದೆ, ಮನೆಗೆ ಬಂದ ಅತಿಥಿಗೆ ಕಾರಿಂದ ಇಳೀರಿ ಅನ್ನೋಕೆ ಅದನ್ನ ಹೇಗಪ್ಪಾ ಹೇಳೋದು ಅಂತ. ಆ ಹಿಂಜರಿಕೆ ಸರಿಯಾದದ್ದೇ, ಬರೀ ಗೆಟ್ ಔಟ್ ಅಂತ ನಿಲ್ಲಿಸಿದ್ರೆ ಇಂಗ್ಲಿಷಲ್ಲೂ ಒರಟಾಗೇ ಕೇಳ್ಸತ್ತೆ. ‘ಯು ಕ್ಯಾನ್ ಗೆಟ್ ಔಟ್ ಹಿಯರ್, ಐ ವಿಲ್ ಪಾರ್ಕ್ ಅಂಡ್ ಕಮ್’ ಅಂತ ಪೂರ್ತಿ ವಾಕ್ಯ ಮಾಡಿ ಹೇಳಿ, ಏನೂ ಬೇಜಾರಾಗಲ್ಲ. ‘ಹಾಪ್ ಔಟ್’ ಅಂದ್ರೆ ಇನ್ನೂ ಸಲುಗೆ. ಟ್ಯಾಕ್ಸಿ ಡ್ರೈವರಿಗೆ ನೀವೇ ಹೇಳ್ಬೇಕಾದ್ರೆ ‘ಯು ಕ್ಯಾನ್ ಡ್ರಾಪ್ ಮಿ ಆಫ್ ಹಿಯರ್’. ಇಲ್ಲೂ ನೋಡಿ, ನಾವು ಡ್ರಾಪ್ ಮಿ ಹಿಯರ್ ಅಂತ ಆಫ್ ನುಂಗಿಬಿಡ್ತೀವಿ, ಅವರು ಆಫ್ ಬಿಡೋದಿಲ್ಲ.

ಮೂರ್ನೇ ಹೆಜ್ಜೆ: ‘ಇಂದ’ನ ಎಲ್ಲಿ ಇಡೋದು

ನಮ್ಮೋರಿಗೆ ಅತಿ ಹೆಚ್ಚು ತೊಡಕಾಗೋದು ಇಲ್ಲೇ. ಬಸ್ಸಿಂದ ಅನ್ನೋ ಮಾತಲ್ಲಿ ‘ಇಂದ’ ಇದೆ, ಅದನ್ನ ಹೇಗಾದ್ರೂ ಮಾಡಿ ಇಂಗ್ಲಿಷ್‌ಗೆ ತರ್ಬೇಕು ಅಂತ ಫ್ರಮ್ ಹಾಕ್ತೀವಿ, ‘ಐ ಗಾಟ್ ಆಫ್ ಫ್ರಮ್ ದ ಬಸ್’. ಬೇಡ. ಆಫ್ ಒಳಗೇ ‘ಇಂದ’ ಸೇರಿಕೊಂಡಿದೆ. ‘ಐ ಗಾಟ್ ಆಫ್ ದ ಬಸ್’, ಅಷ್ಟೇ ಸಾಕು.

ಮೂರನ್ನೂ ಒಟ್ಟಿಗೆ ಇಟ್ಕೊಂಡು ನಾಲ್ಕೈದು ಸಲ ಬಾಯಿಬಿಟ್ಟು ಹೇಳಿ: ಗೆಟ್ ಆಫ್ ದ ಬಸ್. ಗೆಟ್ ಔಟ್ ಅವ್ ದ ಕಾರ್. ಗೆಟ್ ಡೌನ್ ಫ್ರಮ್ ದ ಟ್ರೀ. ಆಫ್ ಆದ್ಮೇಲೆ ಏನೂ ಬೇಡ, ಔಟ್ ಆದ್ಮೇಲೆ ಅವ್ ಬೇಕು, ಡೌನ್ ಆದ್ಮೇಲೆ ಫ್ರಮ್ ಬೇಕು.

ಅವ್ ಅಂತ ಬರೆದಿದ್ದು ಬೇಕಂತಲೇ. ಒಂದು ಎಫ್ ಇರೋ ಪದ, ಎರಡು ಎಫ್ ಇರೋ ಪದ ಎರಡನ್ನೂ ನಾವು ಕನ್ನಡದಲ್ಲಿ ಆಫ್ ಅಂತಾನೇ ಬರೀತೀವಿ, ಹಾಗೇ ಹೇಳ್ತೀವಿ. ಒಂದು ಎಫ್ ಇರೋದರ ಉಚ್ಚಾರಣೆ ‘ಅವ್’ ಥರ, ಮೆತ್ತಗೆ ಹೇಳಿ ಮುಂದೆ ಹೋಗ್ಬಿಡ್ತಾರೆ. ಎರಡು ಎಫ್ ಇರೋದನ್ನ ಒತ್ತಿ ‘ಆಫ್’ ಅಂತಾರೆ. ವಿಶೇಷ ಅಂದ್ರೆ ಹಳೇ ಇಂಗ್ಲಿಷಲ್ಲಿ ಇವೆರಡೂ ಒಂದೇ ಪದ, ಒತ್ತಿ ಹೇಳಿದ ರೂಪವೇ ಬೇರೆಯಾಗಿ ಆಫ್ ಆಯ್ತು, ಬರವಣಿಗೆಯಲ್ಲಿ ಇವೆರಡರ ವ್ಯತ್ಯಾಸ ಗಟ್ಟಿಯಾಗಿದ್ದು 17ನೇ ಶತಮಾನದ ಹೊತ್ತಿಗೆ. ಆ ಹಳೇ ಪದದ ಅರ್ಥವೇ ‘ಇಂದ’, ಆಫ್ ಒಳಗೆ ‘ಇಂದ’ ಯಾಕೆ ಅಡಗಿ ಕೂತಿದೆ ಅನ್ನೋದಕ್ಕೆ ಇದೇ ಕಾರಣ. ಅಮೆರಿಕದೋರು ಮಾತಲ್ಲಿ ‘ಗೆಟ್ ಆಫ್ ಅವ್ ದ ಬಸ್’ ಅಂತಾನೂ ಅಂತಾರೆ, ಕೇಳಿದಾಗ ಗಾಬರಿ ಆಗ್ಬೇಡಿ, ಆದ್ರೆ ಬರೆಯುವಾಗ ಆ ಹೆಚ್ಚಿನ ಅವ್ ಬಿಡೋದೇ ಒಳ್ಳೇದು.

ಸ್ಟಾಪಿನ ಹೆಸರಿಗೆ ಅಟ್ ಹಾಕಿ, ‘ಗೆಟ್ ಆಫ್ ಅಟ್ ಮೆಜೆಸ್ಟಿಕ್’, ‘ಗೆಟ್ ಆಫ್ ಅಟ್ ದ ನೆಕ್ಸ್ಟ್ ಸ್ಟಾಪ್’. ಭೂತಕಾಲಕ್ಕೆ ಗಾಟ್ ಆಫ್. ಅಮೆರಿಕದಲ್ಲಿ ‘ಹ್ಯಾವ್ ಗಾಟನ್ ಆಫ್’ ಅಂತಾರೆ, ಬ್ರಿಟನ್ನಲ್ಲಿ ‘ಹ್ಯಾವ್ ಗಾಟ್ ಆಫ್’, ಎರಡೂ ಸರಿ.

ಪದಗಳ ಜಾಗ ಮಾತ್ರ ನೋಡ್ಕೊಳ್ಳಿ. ಬಸ್ಸಿನ ಬದಲು ಇಟ್ ಅನ್ಬೇಕಾದ್ರೆ ‘ಗೆಟ್ ಆಫ್ ಇಟ್’. ಅದನ್ನೇ ತಿರುಗಿಸಿ ‘ಗೆಟ್ ಇಟ್ ಆಫ್’ ಅಂದ್ರೆ ಅರ್ಥಾನೇ ಬೇರೆ, ಅದನ್ನ ಬಿಚ್ಚು, ಕಳಚು ಅಂತ. ಉಪ್ಪಿನಕಾಯಿ ಜಾಡಿ ಮುಚ್ಚಳ ಬಿಗಿಯಾಗಿದ್ರೆ ‘ಐ ಕಾಂಟ್ ಗೆಟ್ ದ ಲಿಡ್ ಆಫ್’. ಟೇಬಲ್ ಮೇಲಿನ ಅರಿಶಿನದ ಕಲೆ ಹೋಗ್ತಿಲ್ಲ ಅಂದ್ರೆ ‘ಐ ಕಾಂಟ್ ಗೆಟ್ ದ ಸ್ಟೇನ್ ಆಫ್’. ಇಲ್ಲೂ ಅಂಟಿದ್ದು ಬಿಡೋದೇ ವಿಷಯ, ಆದ್ರೆ ಬಿಡ್ತಿರೋದು ನೀವಲ್ಲ, ನೀವು ಬೇರೆ ಏನನ್ನೋ ಬಿಡಿಸ್ತಿದ್ದೀರಿ.

ನಾಲ್ಕ್ನೇ ಹೆಜ್ಜೆ: ಬಸ್ಸಲ್ಲಿ, ರೈಲಲ್ಲಿ ನಿಜವಾಗ್ಲೂ ಬೇಕಾಗೋ ವಾಕ್ಯಗಳು

ನಮ್ಮ ಬಸ್ಸಲ್ಲಿ ಕಂಡಕ್ಟರೇ ಕೂಗಿ ಎಚ್ಚರಿಸ್ತಾರೆ, ಯಾರ್ರೀ ಇಳಿಯೋರು, ಮುಂದೆ ಬನ್ನಿ ಅಂತ. ಹೊರದೇಶದ ಸಿಟಿ ಬಸ್ಸುಗಳಲ್ಲಿ ಎಷ್ಟೋ ಕಡೆ ಕಂಡಕ್ಟರ್ ಇರೋದೇ ಇಲ್ಲ, ಗುಂಡಿ ಒತ್ಬೇಕು ಇಲ್ಲಾ ದಾರ ಎಳೀಬೇಕು, ಇಲ್ದಿದ್ರೆ ಇಳಿಯೋರು, ಹತ್ತೋರು ಯಾರೂ ಇಲ್ಲ ಅಂತ ಬಸ್ಸು ಮುಂದೆ ಹೋಗ್ಬಿಡಬಹುದು. ಅದಕ್ಕೇ ಹತ್ತಿದ ಕೂಡ್ಲೇ ಡ್ರೈವರ್ ಹತ್ರ ‘ಕುಡ್ ಯು ಟೆಲ್ ಮಿ ವೆನ್ ಟು ಗೆಟ್ ಆಫ್ ಫಾರ್ ದ ಮ್ಯೂಸಿಯಂ?’ ಅಂತ ಕೇಳಿಟ್ಕೊಳ್ಳಿ. ಪಕ್ಕದೋರ ಹತ್ರ ಆದ್ರೆ ‘ವೇರ್ ಶುಡ್ ಐ ಗೆಟ್ ಆಫ್?’. ಬಾಗಿಲ ಹತ್ರ ಯಾರೋ ಅಡ್ಡ ನಿಂತಿದ್ರೆ ‘ಎಕ್ಸ್‌ಕ್ಯೂಸ್ ಮಿ, ಆರ್ ಯು ಗೆಟಿಂಗ್ ಆಫ್ ಹಿಯರ್?’ ಅಂತ ಕೇಳಿದ್ರೆ ಅವರು ಇಳಿಯೋರಾದ್ರೆ ಹ್ಞೂಂ ಅಂತಾರೆ, ಇಲ್ದಿದ್ರೆ ಸರಿದು ದಾರಿ ಬಿಡ್ತಾರೆ. ನ್ಯೂಯಾರ್ಕ್ ಪೆನ್ ಸ್ಟೇಷನ್ನಿಂದ ನ್ಯೂಜೆರ್ಸಿಯ ಎಡಿಸನ್ ಕಡೆಗೆ ರೈಲಲ್ಲಿ ಬರೋ ಹಿರಿಯರಿಗೆ ಮಕ್ಕಳು ಚೀಟಿ ಬರ್ಕೊಡೋದಾದ್ರೆ ‘ಗೆಟ್ ಆಫ್ ಅಟ್ ಎಡಿಸನ್, ದ ಸ್ಟಾಪ್ ಆಫ್ಟರ್ ಮೆಟಚನ್’ ಅಂತ ಹಿಂದಿನ ಸ್ಟಾಪಿನ ಹೆಸರನ್ನೂ ಸೇರ್ಸಿ ಬರೀರಿ, ಅವರು ಬ್ಯಾಗು ಎತ್ಕೊಂಡು ಬಾಗಿಲ ಹತ್ರ ಬರೋಕೆ ಟೈಮ್ ಸಿಗತ್ತೆ.

ಕೇಳಿಸ್ಕೊಳ್ಳೋದಕ್ಕೂ ಕಿವಿ ರೆಡಿ ಇರ್ಬೇಕು. ಅವರು ಗೆಟ್, ಆಫ್ ಅಂತ ಬಿಡಿಸಿ ಹೇಳಲ್ಲ. ಬ್ರಿಟಿಷರ ಬಾಯಲ್ಲಿ ‘ಗೆಟಾಫ್’, ಅಮೆರಿಕದೋರ ಬಾಯಲ್ಲಿ ಟ ಮೆತ್ತಗಾಗಿ ‘ಗೆಡಾಫ್’ ಥರ ಕೇಳ್ಸತ್ತೆ, ಒತ್ತು ಆಫ್ ಮೇಲೆ. ಅನೌನ್ಸ್‌ಮೆಂಟಲ್ಲಿ ಮಾತ್ರ ಗೆಟ್ ಆಫ್ ಅಪರೂಪ. ಬ್ರಿಟನ್ನಿನ ರೈಲುಗಳಲ್ಲಿ ‘ಅಲೈಟ್’ ಅನ್ನೋ ಔಪಚಾರಿಕ ಪದ ಕೇಳ್ಸತ್ತೆ, ಸಿಂಗಪುರದಲ್ಲಂತೂ ಜನ ದಿನದ ಮಾತಲ್ಲೂ ಅಲೈಟ್ ಅಂತಾರೆ. ಲಂಡನ್ ಟ್ಯೂಬಲ್ಲಿ ‘ಆಲ್ ಚೇಂಜ್ ಪ್ಲೀಸ್’ ಅಂದ್ರೆ ರೈಲು ಮುಂದಕ್ಕೆ ಹೋಗಲ್ಲ, ಎಲ್ರೂ ಇಳೀಬೇಕು ಅಂತ. ವಿಮಾನದಲ್ಲಿ ಡೀಪ್ಲೇನ್, ಡಿಸೆಂಬಾರ್ಕ್ ಅಂತಾರೆ. ಇವನ್ನ ಕೇಳಿ ಅರ್ಥ ಮಾಡ್ಕೊಂಡ್ರೆ ಸಾಕು, ನೀವು ಮಾತಾಡುವಾಗ ಗೆಟ್ ಆಫ್ ಅಂತಾನೇ ಅನ್ನಿ, ಅದೇ ಸಹಜವಾಗಿರತ್ತೆ.

ಐದ್ನೇ ಹೆಜ್ಜೆ: ಗೆಟ್ ಡೌನ್‌ಗೂ ಅದರದ್ದೇ ಜಾಗ ಇದೆ

ಗೆಟ್ ಡೌನ್ ಅನ್ನೋದನ್ನ ‘ತಪ್ಪು ಇಂಗ್ಲಿಷ್’ ಅಂತ ಆಡ್ಕೊಳ್ಳೋರನ್ನ ನಾನು ಒಪ್ಪಲ್ಲ. ಸ್ಟೇಜ್ ಕೋಚ್, ಅಂದ್ರೆ ಕುದುರೆ ಎಳೆಯೋ ಪ್ರಯಾಣದ ಗಾಡಿ ಓಡ್ತಿದ್ದ ಕಾಲದ ಇಂಗ್ಲೆಂಡಲ್ಲಿ ಕೋಚಿನ ಚಾವಣಿ ಮೇಲೂ ಜನ ಕೂತು ಪ್ರಯಾಣ ಮಾಡ್ತಿದ್ರು, ಅವರು ನಿಜವಾಗ್ಲೂ ಮೇಲಿಂದ ಕೆಳಕ್ಕೆ ಬರ್ಬೇಕಿತ್ತು, ಆಗಿನ ಬರವಣಿಗೆಯಲ್ಲಿ ಗಾಡಿಯಿಂದ ಗೆಟ್ ಡೌನ್ ಆಗೋದು ಸಿಗತ್ತೆ. ಅಲ್ಲಿ ಗಾಡಿಗಳು ಬದಲಾದ ಹಾಗೆ ಮಾತೂ ಬದಲಾಯ್ತು, ನಮ್ಮಲ್ಲಿ ನಮ್ಮ ಭಾಷೆಗಳ ಬೆಂಬಲದಿಂದ ಗಟ್ಟಿಯಾಗಿ ಉಳೀತು. ಊರಲ್ಲಿ ಸ್ನೇಹಿತರ ಜೊತೆ ಮಾತಾಡುವಾಗ ಗೆಟ್ ಡೌನ್ ಅಂದ್ರೆ ಏನೂ ನಷ್ಟ ಇಲ್ಲ. ಐಇಎಲ್‌ಟಿಎಸ್ ಬೇರೆ ವಿಷಯ, ಅಲ್ಲಿ ಅಂಕಕ್ಕೆ ಬ್ಯಾಂಡ್ ಅಂತಾರೆ, ಸ್ಪೀಕಿಂಗ್ ಬ್ಯಾಂಡ್ 7ರ ವಿವರಣೆಯಲ್ಲೇ ಇಡಿಯಮ್ ಥರದ ಸಹಜ ಪದಬಳಕೆ ಇರ್ಬೇಕು ಅಂತ ಇದೆ, ಹಾಗಾಗಿ ಗೆಟ್ ಆಫ್ ಥರದವು ಬಾಯಲ್ಲಿ ಸಲೀಸಾಗಿ ಬರೋದು ಒಳ್ಳೇದು.

ಇವತ್ತಿನ ಬ್ರಿಟಿಷ್ ಅಮೆರಿಕನ್ ಇಂಗ್ಲಿಷಲ್ಲಿ ಗೆಟ್ ಡೌನ್ ಅಂದ್ರೆ ಎತ್ತರದಿಂದ ಕೆಳಗೆ ಬರೋದು, ಮರ, ಏಣಿ, ಕಾಂಪೌಂಡ್ ಗೋಡೆ, ಮಾಳಿಗೆ. ಬ್ರಿಟನ್ನಲ್ಲಿ ಊಟ ಮುಗ್ಸಿದ ಮಗು ‘ಮೇ ಐ ಗೆಟ್ ಡೌನ್?’ ಅಂತ ಕೇಳತ್ತೆ, ಊಟದ ಕುರ್ಚಿಯಿಂದ ಎದ್ದು ಹೋಗ್ಲಾ ಅಂತ. ಮೈಮೇಲೆ ಹಾರೋ ನಾಯಿಗೂ ‘ಗೆಟ್ ಡೌನ್!’ ಅಂತಾರೆ.

ಇನ್ನೊಂದು ಅರ್ಥ ಇದೆ, ಅಮೆರಿಕಕ್ಕೆ ಹೋಗೋರು ಇದನ್ನ ಮಾತ್ರ ಮರೀಬೇಡಿ. ಯಾರಾದ್ರೂ ಜೋರಾಗಿ ‘ಗೆಟ್ ಡೌನ್!’ ಅಂತ ಕೂಗಿದ್ರೆ ಬಗ್ಗು, ನೆಲಕ್ಕೆ ಮಲಕ್ಕೋ ಅಂತ ಅರ್ಥ. ಪೊಲೀಸರು ಗೆಟ್ ಡೌನ್ ಅಂದ್ರೂ ಅದೇ, ಗಾಡಿಯಿಂದ ಇಳೀರಿ ಅಂತಲ್ಲ. ಗಾಡಿಯಿಂದ ಇಳಿಯೋಕೆ ಹೇಳೋದಾದ್ರೆ ‘ಸ್ಟೆಪ್ ಔಟ್ ಅವ್ ದ ವೆಹಿಕಲ್’ ಅಥವಾ ‘ಗೆಟ್ ಔಟ್ ಅವ್ ದ ಕಾರ್’ ಅಂತಾರೆ. ನಮ್ಮಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದ್ರೆ ನಾವೇ ಇಳಿದು ಡಾಕ್ಯುಮೆಂಟ್ಸ್ ಹಿಡ್ಕೊಂಡು ಅವರ ಹತ್ರ ಹೋಗ್ತೀವಿ, ಅಲ್ಲಿ ಹಾಗೆ ಮಾಡ್ಲೇಬೇಡಿ. ಗಾಡಿ ಪಕ್ಕಕ್ಕೆ ನಿಲ್ಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣೋ ಹಾಗೆ ಇಟ್ಕೊಂಡು ಒಳಗೇ ಕೂತಿರಿ, ಇಳೀರಿ ಅಂತ ಅವರು ಹೇಳಿದ್ರೆ ಮಾತ್ರ ಇಳೀರಿ.

ಆರ್ನೇ ಹೆಜ್ಜೆ: ಗಾಡಿ ಇಲ್ಲದ ಗೆಟ್ ಆಫ್

ಅಂಟಿದ್ದು ಬಿಡೋದು ಅನ್ನೋ ಆ ಒಂದು ಅರ್ಥ ಇಲ್ಲಿ ಪೂರ್ತಿ ಕೆಲಸಕ್ಕೆ ಬರತ್ತೆ. ಕೆಲಸಕ್ಕೆ ಅಂಟಿಕೊಂಡಿದ್ರಿ, ಆರು ಗಂಟೆಗೆ ಬಿಟ್ರಿ, ‘ಐ ಗೆಟ್ ಆಫ್ ವರ್ಕ್ ಅಟ್ ಸಿಕ್ಸ್’. ಶಿಫ್ಟಲ್ಲಿ ಕೆಲಸ ಮಾಡೋರನ್ನ ‘ವಾಟ್ ಟೈಮ್ ಡು ಯು ಗೆಟ್ ಆಫ್?’ ಅಂತ ಕೇಳೋದು ತುಂಬಾ ಸಾಮಾನ್ಯ, ಬಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಫೋನಲ್ಲಿದ್ದೋರು ಮಾತು ಮುಗ್ಸಿದ್ರೆ ‘ಐ ಜಸ್ಟ್ ಗಾಟ್ ಆಫ್ ದ ಫೋನ್ ವಿತ್ ಹಿಮ್’. ಒಂದೇ ಸಮ ಪೀಡಿಸ್ತಿರೋರಿಗೆ ‘ಗೆಟ್ ಆಫ್ ಮೈ ಬ್ಯಾಕ್’, ಬೆನ್ನು ಬಿಡು ಮಾರಾಯ ಅಂತ ನಾವು ಅನ್ನಲ್ವಾ, ಹೆಚ್ಚುಕಮ್ಮಿ ಅದೇ. ಅಮೆರಿಕದಲ್ಲಿ ಹೈವೇ ಬಿಟ್ಟು ಪಕ್ಕದ ರಸ್ತೆಗೆ ತಿರುಗೋದಕ್ಕೂ ‘ಗೆಟ್ ಆಫ್ ದ ಹೈವೇ’ ಅಂತಾರೆ, ಡ್ರೈವರ್ ಕಾರಲ್ಲೇ ಕೂತಿರ್ತಾರೆ, ಬಿಟ್ಟಿದ್ದು ರಸ್ತೆಯನ್ನ.

ಶಿಕ್ಷೆ ವಿಷಯದಲ್ಲಿ ಇದು ಇನ್ನೂ ಸೊಗಸು. ‘ಹಿ ಗಾಟ್ ಆಫ್ ವಿತ್ ಎ ವಾರ್ನಿಂಗ್’ ಅಂದ್ರೆ ಫೈನ್ ಹಾಕ್ಬಹುದಿತ್ತು, ಬರೀ ಎಚ್ಚರಿಕೆ ಕೊಟ್ಟು ಬಿಟ್ರು. ‘ಗಾಟ್ ಆಫ್ ಲೈಟ್ಲಿ’ ಅಂದ್ರೆ ಸಣ್ಣದ್ರಲ್ಲೇ ಪಾರಾದ. ‘ಗಾಟ್ ಆಫ್ ಸ್ಕಾಟ್ ಫ್ರೀ’ ಅಂದ್ರೆ ಏನೂ ಆಗದೆ ತಪ್ಪಿಸ್ಕೊಂಡ, ಈ ಸ್ಕಾಟ್ ಅನ್ನೋದು ಸ್ಕಾಟ್ಲೆಂಡ್ ಅಲ್ಲ, ಹಿಂದೆ ಕೊಡ್ಬೇಕಾಗಿದ್ದ ತೆರಿಗೆಯ ಹೆಸರು. ‘ದ ಲಾಯರ್ ಗಾಟ್ ಹಿಮ್ ಆಫ್’ ಅಂದ್ರೆ ವಕೀಲರು ಬಿಡಿಸಿದ್ರು.

ಕ್ರಿಕೆಟ್ ಕಾಮೆಂಟ್ರಿ ಕೇಳೋರಿಗೆ ‘ಗಾಟ್ ಆಫ್ ಟು ಎ ಗುಡ್ ಸ್ಟಾರ್ಟ್’ ಗೊತ್ತೇ ಇರತ್ತೆ, ಶುರುವಿನ ಗೆರೆ ಬಿಟ್ಟು ಚೆನ್ನಾಗಿ ಹೊರಟ್ರು ಅಂತ. ಬ್ರಿಟನ್ನಲ್ಲಿ ಮಗು ನಿದ್ದೆಗೆ ಜಾರಿದ್ರೂ ‘ಗಾಟ್ ಆಫ್ ಟು ಸ್ಲೀಪ್’.

ಮೂರು ಕಡೆ ಹುಷಾರಾಗಿರಿ. ‘ವೇರ್ ಡು ಯು ಗೆಟ್ ಆಫ್?’ ಅಂದ್ರೆ ನಿಮ್ಮ ಸ್ಟಾಪ್ ಯಾವ್ದು ಅಂತ, ಆದ್ರೆ ಅಮೆರಿಕದಲ್ಲಿ ‘ವೇರ್ ಡು ಯು ಗೆಟ್ ಆಫ್ ಟೆಲಿಂಗ್ ಮಿ ವಾಟ್ ಟು ಡು?’ ಅಂದ್ರೆ ನನಗೆ ಹೇಳೋಕೆ ನೀನ್ಯಾರು ಅಂತ ಜಗಳದ ಮಾತು. ಬ್ರಿಟನ್ನಲ್ಲಿ ‘ಗೆಟ್ ಆಫ್ ವಿತ್’ ಮುಂದೆ ವ್ಯಕ್ತಿ ಹೆಸರು ಬಂದ್ರೆ ಪ್ರಣಯದ ವಿಷಯ. ‘ಗೆಟ್ ಆಫ್ ಆನ್’ ಅನ್ನೋದಕ್ಕೂ ಲೈಂಗಿಕ ಅರ್ಥ ಇದೆ, ಆಫೀಸಲ್ಲಿ ಅದನ್ನ ಬಳಸ್ಲೇಬೇಡಿ.

ಏಳ್ನೇ ಹೆಜ್ಜೆ: ಕೈಹಾಕಿ ನೋಡಿ

ಕೆಳಗಿನ ಕನ್ನಡ ವಾಕ್ಯ ಓದಿ, ಇಂಗ್ಲಿಷಲ್ಲಿ ನೀವೇ ಹೇಳ್ಕೊಂಡು ಆಮೇಲೆ ಉತ್ತರ ನೋಡಿ.

ಅಜ್ಜಿ ಆಟೋದಿಂದ ಇಳಿದ್ರು. ‘ಗ್ರ್ಯಾನಿ ಗಾಟ್ ಔಟ್ ಅವ್ ದ ಆಟೋ.’

ನಾನು ತುಮಕೂರಲ್ಲಿ ಇಳೀತೀನಿ, ರೈಲಲ್ಲಿದ್ದೀನಿ. ‘ಐ ಆಮ್ ಆನ್ ದ ಟ್ರೈನ್, ಐ ಆಮ್ ಗೆಟಿಂಗ್ ಆಫ್ ಅಟ್ ತುಮಕೂರು.’

ಲೇ, ಟೇಬಲ್ ಮೇಲಿಂದ ಇಳಿಯೋ. ಇದಕ್ಕೆ ‘ಗೆಟ್ ಡೌನ್ ಫ್ರಮ್ ದ ಟೇಬಲ್’, ‘ಗೆಟ್ ಆಫ್ ದ ಟೇಬಲ್’ ಎರಡೂ ಸರಿ, ಮಗು ಬೀಳತ್ತೆ ಅಂತ ಎತ್ತರದ ಭಯ ಇದ್ರೆ ಡೌನ್, ಟೇಬಲ್ ಗಲೀಜಾಗತ್ತೆ ಅಂತ ಕೋಪ ಇದ್ರೆ ಆಫ್.

ಅವಳ ಡ್ಯೂಟಿ ಎಷ್ಟೊತ್ತಿಗೆ ಮುಗಿಯತ್ತೆ? ‘ವಾಟ್ ಟೈಮ್ ಡಸ್ ಶಿ ಗೆಟ್ ಆಫ್ ವರ್ಕ್?’

ಬೆರಳು ಊದ್ಕೊಂಡಿದೆ, ಉಂಗುರ ಬರ್ತಿಲ್ಲ. ‘ಮೈ ಫಿಂಗರ್ ಈಸ್ ಸ್ವೋಲನ್, ಐ ಕಾಂಟ್ ಗೆಟ್ ದ ರಿಂಗ್ ಆಫ್.’

ಹಂಪಿಯಲ್ಲಿ ಹೊಳೆ ದಾಟಿ ಹರಿಗೋಲಿಂದ ಇಳಿದ್ವಿ. ಹರಿಗೋಲಿಗೆ ಇಂಗ್ಲಿಷಲ್ಲಿ ಕೋರಕಲ್ ಅಂತಾರೆ, ಅದರಲ್ಲಿ ಎದ್ದು ಓಡಾಡೋಕಾಗಲ್ಲ, ಬುಟ್ಟಿ ಒಳಗೆ ಕೂತೇ ಇರ್ಬೇಕು, ಹಾಗಾಗಿ ‘ವಿ ಗಾಟ್ ಔಟ್ ಅವ್ ದ ಕೋರಕಲ್.’